ಐಸ್‌ಕ್ರೀಮ್ ತಿರುಗಿಸಿದ ಮೈಲಿಗಳು

ಹಾರ್ಲನ್ ತೋಫ್ಟೆಗೆ ಇರುವ ದೊಡ್ಡ ಕಾಯಿಲೆ ಅಂದರೆ ಪ್ರಾಮಾಣಿಕತೆ. ಸೊಂಟದ ನೋವು ಆಮೇಲೆ ಬಂದದ್ದು, ಅದಕ್ಕೆ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಮೊದಲನೆಯದಕ್ಕೆ ಇಡೀ ಮಿನ್ನೆಸೋಟ ಹುಡುಕಿದರೂ ಮದ್ದಿಲ್ಲ. ಅಂಗಡಿಯಲ್ಲಿ ರುಚಿ ನೋಡಲಿಕ್ಕೆಂದು ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡರೂ ಗಲ್ಲಾದ ಹತ್ತಿರ ಬಂದು, "ಒಂದು ಹೊಟ್ಟೆಯೊಳಗಿದೆ, ಅದನ್ನೂ ಸೇರಿಸ್ಕೊಂಡು ತೂಗು" ಎನ್ನುವ ಆಸಾಮಿ. ಹೊಟ್ಟೆಯೊಳಗಿನ ದ್ರಾಕ್ಷಿಯನ್ನು ಹೇಗೆ ತೂಗುವುದು ಅಂತ ಗಲ್ಲಾದಲ್ಲಿ ಕೂರುವ ಹುಡುಗಿ ನನ್ನನ್ನು ಕೇಳಿದ್ದಳು.

ನನ್ನ ಹೆಸರು ಆರ್ಡೆಲ್. ಹಾಲ್ವರ್ ಊರಿನ ಕೌಂಟಿ ಕಚೇರಿಯಲ್ಲಿ ಗಾಡಿಗಳ ಕಾಗದಪತ್ರ ನೋಡುವ ಕಿಟಕಿಯ ಹಿಂದೆ ಕೂತು ಕೂತೇ ನನ್ನ ಕೂದಲು ಬೆಳ್ಳಗಾಯಿತು. ಆ ಕಿಟಕಿಯ ಮುಂದೆ ನಿಂತು ಸುಳ್ಳು ಹೇಳಿದವರಿಗೆ ಲೆಕ್ಕವಿಲ್ಲ. ಅವರೆಲ್ಲ ನನಗೆ ಒಗ್ಗಿಹೋಗಿದ್ದಾರೆ. ನಿಜ ಹೇಳಿ ನನ್ನ ಜೀವ ತಿಂದವನು ಹಾರ್ಲನ್ ಒಬ್ಬನೇ. ಅವನ ಹೆಂಡತಿ ಮಾರ್ಲಿಸ್ ನನ್ನ ಶಾಲೆಯ ಗೆಳತಿ, ಆದ್ದರಿಂದ ಅವನನ್ನು ಬೈಯುವ ಹಕ್ಕು ನನಗಿದೆ, ಅದನ್ನು ನಾನು ಧಾರಾಳವಾಗಿ ಬಳಸುತ್ತೇನೆ.

ಡೈರಿಯ ಹಾಲಿನ ಟ್ಯಾಂಕರ್ ಓಡಿಸುವ ಕೆಲಸದಿಂದ ನಿವೃತ್ತನಾದ ವರ್ಷ ಹಾರ್ಲನ್ ಒಂದು ಮೋಟರ್‌ಸೈಕಲ್ ಕೊಂಡ. ಕಡುಗೆಂಪು ಬಣ್ಣ, ಹಸುವಿನ ಮೈಯಷ್ಟು ಅಗಲದ ಸೀಟು. ಜೊತೆಗೆ ಎರಡು ಹೆಲ್ಮೆಟ್ ತಂದ, ತನಗೊಂದು, ಮಾರ್ಲಿಸ್‌ಗೊಂದು. ಅವಳದು ಡಬ್ಬದಿಂದ ಆಚೆಗೇ ಬರಲಿಲ್ಲ. ಅವಳ ತಮ್ಮ ಲೈಲ್ ಮೀಸೆ ಚಿಗುರುವ ವಯಸ್ಸಿನಲ್ಲಿ ಮೋಟರ್‌ಸೈಕಲ್ ಹತ್ತಿ ಹೋದವನು ತಿರುಗಿ ಬರಲಿಲ್ಲ. ಅಂದಿನಿಂದ ಎರಡು ಚಕ್ರದ ಗಾಡಿಯ ಮೇಲೆ ಕೂರುವುದಿಲ್ಲ ಎಂದು ಅವಳು ಶಪಥ ಮಾಡಿದ್ದಳು. ಹಾರ್ಲನ್ ಒಂದು ಸಲವೂ ಬಲವಂತ ಮಾಡಿದವನಲ್ಲ. ಒಬ್ಬನೇ ಹೋಗುತ್ತಿದ್ದ, ಹೊತ್ತು ಮುಳುಗುವುದರೊಳಗೆ ಬರುತ್ತಿದ್ದ, ಅವಳು ಅಷ್ಟು ಹೊತ್ತೂ ಅಡಿಗೆಮನೆಯ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಈಗ ಐಸ್‌ಕ್ರೀಮಿನ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಲೂಥರನ್ ಚರ್ಚಿನಲ್ಲಿ ಪ್ರತಿ ಆಗಸ್ಟಿನಲ್ಲೂ ಊರಿಗೆಲ್ಲ ಐಸ್‌ಕ್ರೀಮ್ ಬಡಿಸುತ್ತೇವೆ. ಅಂಗಡಿಯದನ್ನು ತಂದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಮರದ ಬಕೆಟ್ಟಿನ ನಡುವೆ ಕೆನೆ ತುಂಬಿದ ತಗಡಿನ ಡಬ್ಬ, ಸುತ್ತಲೂ ಮಂಜುಗಡ್ಡೆ ಮತ್ತು ಕಲ್ಲುಪ್ಪು. ಡಬ್ಬ ಗಟ್ಟಿಯಾಗುವ ತನಕ ತಿರುಗುತ್ತಲೇ ಇರಬೇಕು. ತಿರುಗಿಸುತ್ತಿದ್ದ ಮೋಟಾರು ಒಂದು ವರ್ಷ ಸುಟ್ಟುಹೋಯಿತು. ಹೊಸದು ಕೊಳ್ಳಬೇಕೇ ಬೇಡವೇ ಎಂದು ಸಮಿತಿಯವರು ಕಾಫಿ ಕುಡಿದು ಕುಡಿದು ಚರ್ಚಿಸುತ್ತಿರುವಾಗ ಹಾರ್ಲನ್ ಎದ್ದು ಹೋಗಿ ಮೋಟರ್‌ಸೈಕಲ್ ತಂದ. ಹಿಂದಿನ ಚಕ್ರ ನೆಲ ಮುಟ್ಟದ ಹಾಗೆ ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿ, ಚಕ್ರಕ್ಕೂ ಡಬ್ಬಗಳಿಗೂ ಬೆಲ್ಟ್ ಹಾಕಿದ. ಎಂಜಿನ್ ಗುಡುಗಿತು, ಸಾಲಾಗಿ ಇಟ್ಟ ಡಬ್ಬಗಳೆಲ್ಲ ಒಟ್ಟಿಗೆ ತಿರುಗಿದವು. ಆ ವರ್ಷದ ಐಸ್‌ಕ್ರೀಮಿಗೆ ಸ್ವಲ್ಪ ಪೆಟ್ರೋಲಿನ ವಾಸನೆ ಇತ್ತು ಅಂತ ನಾನು ಇವತ್ತಿಗೂ ಹೇಳುತ್ತೇನೆ, ಆದರೆ ಎರಡು ಬಟ್ಟಲು ತಿಂದಿದ್ದೆ.

ಅಲ್ಲಿಂದ ಅದು ನಮ್ಮ ಪದ್ಧತಿಯಾಯಿತು. ಚರ್ಚಿನದು ಆಯಿತು ಅಂದರೆ ಅಗ್ನಿಶಾಮಕ ದಳದವರ ಊಟ, ಅದಾದರೆ ಯಾರದೋ ಮದುವೆ. ಬೇಸಿಗೆಯುದ್ದಕ್ಕೂ ಗಾಡಿ ನಿಂತಲ್ಲೇ ಓಡುತ್ತಿತ್ತು. ಹಾರ್ಲನ್ ಸೀಟಿನ ಮೇಲೆ, ಮಾರ್ಲಿಸ್ ಪಕ್ಕದಲ್ಲಿ ಮುಕ್ಕಾಲಿಯ ಮೇಲೆ, ಒಂದು ಕೈಯಲ್ಲಿ ಡಬ್ಬದ ಮುಚ್ಚಳ ಅದುಮಿ ಹಿಡಿದು, ಇನ್ನೊಂದರಲ್ಲಿ ಉಪ್ಪು ಸುರಿಯುತ್ತ. ಚಕ್ರ ತಿರುಗಿದರೆ ಮೀಟರೂ ತಿರುಗುತ್ತದಲ್ಲ, ಅದನ್ನು ಮೊದಲು ಗಮನಿಸಿದವಳು ಅವಳೇ. ಅಷ್ಟು ಮೈಲಿ ಪಶ್ಚಿಮಕ್ಕೆ ಹೋಗಿದ್ದರೆ ಈಗ ಎಲ್ಲಿರುತ್ತಿದ್ದೆವು ಎಂದು ಲೆಕ್ಕ ಹಾಕುವುದು ಅವರಿಬ್ಬರ ಆಟವಾಯಿತು.

"ಎಲ್ಲಿದ್ದೀವೇ ಈಗ?" ಎಂದು ಇವನು ಎಂಜಿನ್ ಸದ್ದಿನ ಮೇಲೆ ಕೂಗುತ್ತಿದ್ದ.

ಅವಳು ಬಗ್ಗಿ ಮೀಟರ್ ನೋಡಿ, "ಮೊಂಟಾನ ಬಂತು. ನಿಧಾನ ಹೋಗು, ಬೆಟ್ಟ ಚೆನ್ನಾಗಿ ಕಾಣ್ತಿದೆ" ಅನ್ನುತ್ತಿದ್ದಳು.

ಬಟ್ಟಲು ಹಿಡಿದು ಸಾಲಿನಲ್ಲಿ ನಿಂತ ಮಕ್ಕಳು, "ಇದು ಯಾವ ಊರಿನ ಐಸ್‌ಕ್ರೀಮ್?" ಅಂತ ಕೇಳುವರು. "ಇದು ವಯೋಮಿಂಗ್‌ದು ಮರಿ, ಅಲ್ಲಿ ಹಸು ಜಾಸ್ತಿ" ಎಂದು ಅವಳು ಬಡಿಸುವಳು. ಒಂದು ಬೇಸಿಗೆ ಅವರಿಬ್ಬರೂ ಪಶ್ಚಿಮದ ಸಮುದ್ರ ಮುಟ್ಟಿದರು. ಆ ದಿನ ಮಾರ್ಲಿಸ್ ಬಕೆಟ್ಟಿನ ಉಪ್ಪುನೀರಿಗೆ ಕೈ ಅದ್ದಿ ಅವನ ಮುಖಕ್ಕೆ ಎರಚಿದಳು. "ನೋಡು, ಅಲೆ!" ಎಂದು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ಲೈಲ್ ಹೋದಮೇಲೆ ನಾನು ನೋಡಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಉಪ್ಪು ಬಿತ್ತು ಅಂತ ಹೇಳಿ ಒರೆಸಿಕೊಂಡೆ.

ಹೀಗೆ ಸುಖವಾಗಿದ್ದವರ ಮೇಲೆ ಈ ವರ್ಷ ಶನಿ ವಕ್ಕರಿಸಿತು. ವಸಂತದಲ್ಲಿ ಹಾರ್ಲನ್ ಡೈರಿಯ ಹಿಂದಿನ ಜಲ್ಲಿ ರಸ್ತೆಯಲ್ಲಿ ಗಾಡಿ ತಿರುಗಿಸಲು ಹೋಗಿ ಅದರ ಸಮೇತ ಮಗುಚಿದ. ಕಾಲು ಗಾಡಿಯ ಅಡಿಗೆ ಸಿಕ್ಕಿಕೊಂಡಿತು. ಅಂಚೆಯವನು ಬರುವ ತನಕ ಹಾಗೇ ಬಿದ್ದಿದ್ದ. ಸೊಂಟ ಹೋಯಿತು. ಅದಕ್ಕಿಂತ ಕೆಟ್ಟದ್ದೆಂದರೆ ಮಾರ್ಲಿಸ್‌ಳ ನಿದ್ದೆ ಹೋಯಿತು. ಗರಾಜಿನಲ್ಲಿ ಆ ಗಾಡಿ ಇರುವ ತನಕ ಇವನು ಯಾವತ್ತೋ ಒಂದು ದಿನ ಹತ್ತಿಯೇ ಹತ್ತುತ್ತಾನೆ ಎಂಬುದು ಅವಳ ಭಯ. ಭಯವೇನು ಸುಳ್ಳಲ್ಲ. "ಹಿಮ ಬೀಳೋದ್ರೊಳಗೆ ಅದು ಮನೆ ಬಿಡಬೇಕು" ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ಅವನು ಒಪ್ಪಿದ. ಒಪ್ಪಿದವನು ಮಾರಬೇಕಲ್ಲ!

ಮಾರಲು ಗಾಡಿಯ ಹಕ್ಕುಪತ್ರ ಬೇಕು. ಅದನ್ನು ಮಾರ್ಲಿಸ್ ಎಷ್ಟು ಜೋಪಾನವಾಗಿ ಎತ್ತಿಟ್ಟಿದ್ದಳೆಂದರೆ ಮನೆಯಲ್ಲಿ ಯಾರಿಗೂ ಸಿಗಲಿಲ್ಲ. ಹಾಗಾಗಿ ಹಾರ್ಲನ್ ಎರಡನೇ ಪ್ರತಿಗಾಗಿ ನನ್ನ ಕಿಟಕಿಗೆ ಬಂದ. ಅರ್ಜಿಯಲ್ಲಿ ಮೀಟರ್ ಎಷ್ಟು ತೋರಿಸುತ್ತಿದೆ ಎಂದು ಬರೆಯಬೇಕು, ಅದು ಗಾಡಿ ಓಡಿದ ನಿಜವಾದ ದೂರವೋ ಅಲ್ಲವೋ ಎಂದು ಒಂದು ಚೌಕದಲ್ಲಿ ಗುರುತು ಹಾಕಬೇಕು. ಎಲ್ಲರೂ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಇವನು ಪೆನ್ನು ಹಿಡಿದು ನಿಂತುಬಿಟ್ಟ.

"ಆರ್ಡೆಲ್, ಇದು ನಿಜವಾದ ದೂರ ಅಲ್ವಲ್ಲ."

"ಯಾಕೆ? ಮೀಟರ್ ಏನಾದ್ರೂ ತಿರುಚಿದ್ಯಾ?"

"ಛೇ ಛೇ! ಅರ್ಧಕ್ಕರ್ಧ ಐಸ್‌ಕ್ರೀಮ್‌ದಲ್ವಾ? ಗಾಡಿ ಎಲ್ಲೂ ಹೋಗೇ ಇಲ್ಲ."

"ಮಾರಾಯ, ಎಂಜಿನ್ ದುಡಿದಿದೆ ತಾನೇ? ಸುಮ್ನೆ 'ನಿಜ' ಅಂತ ಹಾಕಿ ಕೊಡು. ಇನ್ನೊಂದು ಚೌಕ ಕಳ್ಳರಿಗೆ ಇರೋದು."

"ನಿಜ ಅಂತ ಪ್ರಮಾಣ ಮಾಡ್ತೀನಿ ಅಂತ ಮೇಲೆ ಬರೆದಿದ್ದಾರೆ ನೋಡು."

"ಅಲ್ಲ ಅಂತ ಹಾಕಿದ್ರೆ ಪತ್ರದ ಮೇಲೆ ಅಚ್ಚಾಗಿ ಬರುತ್ತೆ. ಆಮೇಲೆ ಜಪ್ಪಯ್ಯ ಅಂದ್ರೂ ಹೋಗಲ್ಲ. ಯಾರೂ ಕೊಳ್ಳಲ್ಲ, ನೆನಪಿಟ್ಕೋ!"

"ಅದೂ ಸರಿಯೇ," ಎಂದ. ನಮ್ಮ ಕಡೆಯವರು 'ಅದೂ ಸರಿಯೇ' ಎಂದರೆ ನಿಮ್ಮ ಮಾತು ಕೇಳುವುದಿಲ್ಲ ಎಂದರ್ಥ. ನನ್ನ ಕಣ್ಣೆದುರೇ 'ನಿಜವಾದ ದೂರ ಅಲ್ಲ' ಎಂಬ ಚೌಕದಲ್ಲಿ ದಪ್ಪಗೆ ಗುರುತು ಹಾಕಿ, ಧನ್ಯವಾದ ಹೇಳಿ ಹೊರಟ. ನಾನು ತಲೆ ತಲೆ ಚಚ್ಚಿಕೊಂಡೆ.

ಹೊಸ ಪತ್ರ ಬಂತು, ಹಣೆಯ ಮೇಲೆ ಅಚ್ಚು ಹೊತ್ತುಕೊಂಡೇ ಬಂತು. ಹಾರ್ಲನ್ ಜಾಹೀರಾತು ಕೊಟ್ಟ. ಅದನ್ನು ಓದಿ ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಮೊದಲ ಸಾಲು, 'ಬಲಗಡೆ ಗೀರು ಇದೆ, ತಪ್ಪು ನನ್ನದೇ.' ಎರಡನೆಯದು, 'ಬ್ಯಾಟರಿ ಚಳಿಗೆ ಸಿಡುಕುತ್ತದೆ.' ಗಾಡಿಯ ಬಣ್ಣ ಏನೆಂದು ಕೊನೆಯಲ್ಲಿ ಎಲ್ಲೋ ಇತ್ತು. ಹೆಣ್ಣು ನೋಡಲು ಬಂದವರಿಗೆ ಬಾಗಿಲಲ್ಲೇ ಹುಡುಗಿಯ ಹುಳುಕುಹಲ್ಲು ತೋರಿಸಿದ ಹಾಗೆ!

ಆದರೂ ಸೇಂಟ್ ಪಾಲ್ ಕಡೆಯಿಂದ ಚರ್ಮದ ಅಂಗಿ ತೊಟ್ಟ ಒಬ್ಬ ಬಂದ. ನಾನು ಅವತ್ತು ಅಲ್ಲೇ ಇದ್ದೆ, ಮಾರ್ಲಿಸ್ ಕುಂಬಳಕಾಯಿ ಸಿಹಿ ಮಾಡಿದ್ದಳು ಅಂತ. ಅವನು ಗಾಡಿಯ ಸುತ್ತ ತಿರುಗಿ, ತಟ್ಟಿ ನೋಡಿ, ಮೆಚ್ಚಿ, ಪತ್ರ ಕೇಳಿದ. ಹಾರ್ಲನ್ ಕೊಟ್ಟ. ಅದೇ ಹೊತ್ತಿಗೆ ಮಾರ್ಲಿಸ್ ತಟ್ಟೆ ಹಿಡಿದು ಗರಾಜಿಗೆ ಬಂದಳು.

"ಇದೇನ್ರೀ ಇದು, 'ಮೀಟರ್ ತೋರಿಸುವುದು ನಿಜವಾದ ದೂರ ಅಲ್ಲ'?" ಎಂದು ಆ ಮನುಷ್ಯ ಗಟ್ಟಿಯಾಗಿ ಓದಿದ. "ಎಷ್ಟು ತಿರುಚಿದ್ದೀರಿ?"

"ತಿರುಚಿಲ್ಲ. ಮೀಟರ್ ಜಾಸ್ತಿ ತೋರಿಸ್ತಿದೆ. ನಿಜವಾಗಿ ಅದರ ಅರ್ಧದಷ್ಟೇ ಓಡಿದೆ."

ಆ ಮನುಷ್ಯ ನಕ್ಕ. "ಕಮ್ಮಿ ತೋರಿಸೋ ಕಳ್ಳರನ್ನ ಬೇಕಾದಷ್ಟು ನೋಡಿದ್ದೀನಿ ಯಜಮಾನ್ರೇ. ಜಾಸ್ತಿ ತೋರಿಸೋ ಕಳ್ಳನ್ನ ಇವತ್ತೇ ನೋಡಿದ್ದು. ಏನೋ ದೊಡ್ಡದೇ ಇರಬೇಕು" ಎಂದವನೇ ಒಂದು ತುಂಡು ಸಿಹಿ ಎತ್ತಿಕೊಂಡು ಹೋದ.

ಹಾರ್ಲನ್‌ಗೆ ಕಳ್ಳ ಎನ್ನಿಸಿಕೊಂಡದ್ದೇ ದೊಡ್ಡ ಪೆಟ್ಟು. ಆದರೆ ನಾನು ನೋಡುತ್ತಿದ್ದದ್ದು ಮಾರ್ಲಿಸ್‌ಳನ್ನು. ಅವಳು ತಟ್ಟೆ ಹಿಡಿದು ಹಾಗೇ ನಿಂತಿದ್ದಳು.

"ಯಾವ ಮೈಲಿ ನಿಜ ಅಲ್ಲ, ಹಾರ್ಲನ್?"

"ಅದೇ ಕಣೇ, ಐಸ್‌ಕ್ರೀಮ್‌ದು."

"ನೀನೇ ಬರೆದು ಕೊಟ್ಟಿದ್ದಾ?"

"ಹ್ಞೂಂ. ಪ್ರಮಾಣ ಮಾಡ್ಬೇಕಿತ್ತಲ್ಲ."

ಮಾರ್ಲಿಸ್ ತಟ್ಟೆಯನ್ನು ಮೆಲ್ಲನೆ ಕೆಳಗಿಟ್ಟಳು. "ಪರವಾಗಿಲ್ಲ" ಎಂದಳು.

ಅಯ್ಯೋ ದೇವರೇ! ನಮ್ಮ ಊರಿನಲ್ಲಿ ಹೆಂಡತಿ ಕೂಗಾಡಿದರೆ ಗಂಡ ನೆಮ್ಮದಿಯಿಂದ ಮಲಗಬಹುದು. 'ಪರವಾಗಿಲ್ಲ' ಎಂದರೆ ಮನೆಗೆ ಬೆಂಕಿ ಬಿದ್ದ ಹಾಗೆ. ಅಂದಿನಿಂದ ಮಾರ್ಲಿಸ್ ಅವನಿಗೆ ಹೊತ್ತು ಹೊತ್ತಿಗೆ ಬಡಿಸಿದಳು, ಸೊಂಟಕ್ಕೆ ಬಿಸಿನೀರಿನ ಚೀಲ ಕೊಟ್ಟಳು, ಆದರೆ ಒಂದು ಮಾತೂ ಜಾಸ್ತಿ ಆಡಲಿಲ್ಲ. ಊಟದ ಮೇಜಿನಲ್ಲಿ ಉಪ್ಪು ಕೇಳಿದರೆ ಉಪ್ಪು ಕೊಡುತ್ತಿದ್ದಳಂತೆ, ಮುಖ ಮಾತ್ರ ಕಿಟಕಿ ಕಡೆಗೆ. ನನ್ನ ಹತ್ತಿರ ಮಾತ್ರ ಒಮ್ಮೆ ಬಾಯಿಬಿಟ್ಟಳು. "ನಾನು ಅವನ ಜೊತೆ ಹೋಗಿದ್ದು ಅಂದ್ರೆ ಅಷ್ಟೇ ಆರ್ಡೆಲ್. ಅವನೊಬ್ಬನೇ ಹೋಗಿದ್ದೆಲ್ಲ ನಿಜ ಅಂತೆ. ನನ್ನ ಜೊತೆ ಹೋಗಿದ್ದು ಮಾತ್ರ ಸುಳ್ಳಂತೆ. ಸರ್ಕಾರಕ್ಕೆ ಬರೆದು ಕೊಟ್ಟಿದ್ದಾನೆ."

ಹಾರ್ಲನ್ ನನ್ನ ಕಿಟಕಿಗೆ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತ. ಮುಖ ಬಾಡಿಹೋಗಿತ್ತು.

"ಅದನ್ನ ಅಳಿಸೋಕಾಗತ್ತಾ?"

"ಆಗಲ್ಲ ಅಂತ ಮೊದ್ಲೇ ಬಡ್ಕೊಂಡೆನಲ್ಲ! ಅಷ್ಟಕ್ಕೂ ಈಗ ಏನಂತ ಬರೀತೀಯ? ಸಮುದ್ರಕ್ಕೆ ಹೋಗಿ ಬಂದೆ ಅಂತಾನಾ?"

"ಸುಳ್ಳು ಬರೆಯೋಕಾಗಲ್ಲ. ಅವಳನ್ನ ಹಾಗೆ ನೋಡೋಕೂ ಆಗಲ್ಲ" ಎಂದ. ಪಾಪ ಅನ್ನಿಸಿತು. ಅತ್ತ ದರಿ ಇತ್ತ ಪುಲಿ ಅಂದರೆ ಇದೇ. ಆದರೂ ಬಾಯಿ ಸುಮ್ಮನಿರಲಿಲ್ಲ. "ದ್ರಾಕ್ಷಿಗಾದ್ರೆ ದುಡ್ಡು ಕೊಟ್ಟು ತೀರಿಸಬಹುದಿತ್ತು, ಇದಕ್ಕೇನ್ಮಾಡ್ತೀಯಪ್ಪ" ಅಂದೆ.

ಅಕ್ಟೋಬರ್ ಮುಗಿಯುತ್ತ ಬಂತು. ಬೆಳಗಿನ ಹೊತ್ತು ಹುಲ್ಲು ಬೆಳ್ಳಗೆ ಕಾಣತೊಡಗಿತು. ಆಗ ಗಾಡಿ ಕೇಳಿಕೊಂಡು ಬಂದವರು ನಮ್ಮ ಪಾಸ್ಟರ್ ಸಿಗ್ರಿಡ್. ಹೊಸದಾಗಿ ಬಂದ ಹೆಣ್ಣುಮಗಳು, ಮೂರು ಊರಿನ ಮೂರು ಚರ್ಚ್ ನೋಡಿಕೊಳ್ಳಬೇಕು. ಅವರು ಉದ್ದ ಬೂಟು ಹಾಕಿಕೊಂಡು ಮೊದಲ ಪ್ರವಚನ ಮಾಡಿದಾಗ ಹಿಂದಿನ ಸಾಲಿನ ಮುದುಕಿಯರು ಕೆಮ್ಮಿದ್ದು ನನಗೆ ಇನ್ನೂ ಕೇಳಿಸುತ್ತದೆ. ಮುಂದಿನ ಬೇಸಿಗೆಯಿಂದ ಮೋಟರ್‌ಸೈಕಲ್ಲಿನಲ್ಲೇ ಓಡಾಡಬೇಕು ಎಂದು ಅವರ ಆಸೆ.

ಹಾರ್ಲನ್ ಅವರಿಗೂ ಪಾಪನಿವೇದನೆ ಮಾಡಿದ. ಗೀರು, ಬ್ಯಾಟರಿ, ಮೀಟರ್, ಪತ್ರದ ಅಚ್ಚು, ಏನೂ ಬಿಡಲಿಲ್ಲ. ಪಾಸ್ಟರ್ ಎಲ್ಲ ಕೇಳಿಕೊಂಡು, "ಆಗಸ್ಟಿನಲ್ಲಿ ಆ ಐಸ್‌ಕ್ರೀಮ್ ನಾನೂ ತಿಂದಿದ್ದೀನಿ ಹಾರ್ಲನ್. ನೀವು ಹೇಳಿದ ಬೆಲೆಗೇ ತಗೋತೀನಿ" ಎಂದರು.

"ಅಷ್ಟು ಬೇಡ, ಕಮ್ಮಿ ಕೊಡಿ."

"ಬೇಡ, ಅಷ್ಟೇ ಕೊಡ್ತೀನಿ."

"ಆಗಲ್ಲ ಪಾಸ್ಟರ್, ಜಾಸ್ತಿಯಾಯ್ತು."

ಮಾರುವವನು ಇಳಿಸುತ್ತಾನೆ, ಕೊಳ್ಳುವವರು ಏರಿಸುತ್ತಾರೆ. ಇಂಥ ಚೌಕಾಸಿಯನ್ನು ಲೋಕದಲ್ಲಿ ಬೇರೆಲ್ಲೂ ಕಂಡವರಿಲ್ಲ. ಕೊನೆಗೆ ಬಾಗಿಲಲ್ಲಿ ನಿಂತಿದ್ದ ಮಾರ್ಲಿಸ್, "ಪಾಸ್ಟರ್, ಮೀಟರ್ ಸರಿಯಾಗೇ ಇದೆ. ಒಂದು ಮೈಲಿನೂ ಸುಳ್ಳಿಲ್ಲ. ಪೂರ್ತಿ ದುಡ್ಡು ಕೊಡಿ" ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಪಾಸ್ಟರ್ ಹಾರ್ಲನ್ ಮುಖ ನೋಡಿದರು, ಬಾಗಿಲ ಕಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಅವರನ್ನು ರಸ್ತೆಯ ತನಕ ಕಳಿಸಲು ಹೋಗಿ ಎಲ್ಲ ಹೇಳಿದೆ.

ಶನಿವಾರ ಗಾಡಿ ಒಪ್ಪಿಸುವುದು ಎಂದಾಯಿತು. ಪಾಸ್ಟರ್ ಮನೆ ಇಳಿಜಾರಿನ ಕೆಳಗೆ, ಚರ್ಚಿನ ಪಕ್ಕದಲ್ಲಿ. ಅಲ್ಲಿ ಕೂತು ಪತ್ರದ ಹಿಂಬದಿಗೆ ಹಾರ್ಲನ್ ಮತ್ತೆ ಮೀಟರ್ ಬರೆದು, ಮತ್ತೆ ಅದೇ ಚೌಕಕ್ಕೆ ಗುರುತು ಹಾಕಿ ಸಹಿ ಮಾಡಬೇಕು. ಆ ಚೌಕ ನೆನೆಸಿಕೊಂಡೇ ಅವನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಪತ್ರ ಸರಿಯಾಗಿದೆಯಾ ನೋಡಲಿಕ್ಕೆ ಎಂಬ ನೆಪದಲ್ಲಿ ನಾನೂ ಹೋದೆ. ಬೇರೆಯವರ ಮನೆಯ ಜಗಳ ನೋಡುವ ಚಪಲ ಅಂತ ನೀವು ಅಂದುಕೊಂಡರೆ, ಅದೂ ಸರಿಯೇ.

ಪಾಸ್ಟರೂ ನಾನೂ ಹಾರ್ಲನ್ ಮನೆಗೆ ಹೋಗಿ ನೋಡಿದರೆ ಅವನು ಗಾಡಿಯ ಪಕ್ಕ ಸುಮ್ಮನೆ ನಿಂತಿದ್ದಾನೆ.

"ಸ್ಟಾರ್ಟ್ ಮಾಡಿ, ಹೊರಡೋಣ" ಎಂದರು ಪಾಸ್ಟರ್.

"ಆಗಲ್ಲ. ಶನಿವಾರದಿಂದ ನನ್ನ ವಿಮೆ ಬೇಡ ಅಂತ ಬರೆದು ಕೊಟ್ಟಿದ್ದೆ. ಇವತ್ತು ಶನಿವಾರ. ವಿಮೆ ಇಲ್ಲದೆ ರಸ್ತೆ ಮೇಲೆ ಎಂಜಿನ್ ಹಚ್ಚೋದು ತಪ್ಪಾಗುತ್ತೆ."

"ಇಲ್ಲಿಂದ ಕಲ್ಲೆಸೆದ್ರೆ ಬೀಳುತ್ತೆ ಚರ್ಚು! ನಿನ್ನನ್ನ ಹಿಡಿಯೋಕೆ ಯಾವ ಪೊಲೀಸ್ ಕಾದಿದ್ದಾನೋ?" ಎಂದು ನಾನು ಕೂಗಿದೆ. ಅವನು ಅಲ್ಲಾಡಲಿಲ್ಲ.

"ಹಾಗಾದ್ರೆ ತಳ್ಳೋಣ" ಎಂದರು ಪಾಸ್ಟರ್. "ನೀವು ಕೂತು ಹ್ಯಾಂಡಲ್, ಬ್ರೇಕ್ ನೋಡ್ಕೊಳ್ಳಿ. ನಾವಿಬ್ಬರೂ ಆ ಕಡೆ ಈ ಕಡೆ ಹಿಡ್ಕೋತೀವಿ. ಇಳಿಜಾರಲ್ವಾ, ತಾನಾಗೇ ಹೋಗುತ್ತೆ."

ನನ್ನ ವಯಸ್ಸಿಗೆ ಮೋಟರ್‌ಸೈಕಲ್ ತಳ್ಳುವ ಯೋಗವೂ ಬರೆದಿತ್ತು. ಹಾರ್ಲನ್ ಹೇಗೋ ಕಾಲೆತ್ತಿ ಸೀಟಿಗೆ ಏರಿದ. ನಾವು ಎರಡೂ ಬದಿಯಿಂದ ಹಿಡಿದೆವು. ಇನ್ನೇನು ತಳ್ಳಬೇಕು, ಅಷ್ಟರಲ್ಲಿ ಮನೆ ಬಾಗಿಲು ತೆರೆಯಿತು.

ಮಾರ್ಲಿಸ್ ಚರ್ಚಿಗೆ ಹಾಕುವ ನೀಲಿ ಕೋಟು ತೊಟ್ಟು, ತೋಳಿನಲ್ಲಿ ಕೈಚೀಲ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಬಂದಳು. ತಲೆಯ ಮೇಲೆ ಕೆಂಪು ಹೆಲ್ಮೆಟ್. ಅಷ್ಟು ವರ್ಷ ಡಬ್ಬದಲ್ಲೇ ಇದ್ದ ಹೆಲ್ಮೆಟ್, ಬೆಲೆಯ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಮುಖ ಬಿಳುಚಿಕೊಂಡಿತ್ತು.

"ಜರುಗು" ಎಂದಳು ಹಾರ್ಲನ್‌ಗೆ.

"ಮಾರ್ಲಿಸ್, ಬೇಡ ಕಣೇ..."

"ಎಂಜಿನ್ ಹಚ್ಚಲ್ಲ ತಾನೇ? ಕೀಲಿ ತಿರುಗಿಸದಿದ್ರೆ ಮೀಟರ್ ಓಡಲ್ಲ ತಾನೇ?"

"ಓಡಲ್ಲ."

"ಹಾಗಾದ್ರೆ ಜರುಗು ಅಂದೆನಲ್ಲ!"

ನನ್ನ ಭುಜದ ಮೇಲೆ ಕೈ ಊರಿ ಹತ್ತಿ ಕೂತಳು. ಹಾರ್ಲನ್‌ನ ಕೋಟನ್ನು ಎರಡು ಕೈಯಲ್ಲೂ ಹಿಡಿದಳು, ಅದು ಸಾಲದೆ ಅವನ ಸೊಂಟವನ್ನೇ ತಬ್ಬಿದಳು. ನೋಯುವ ಸೊಂಟ, ಅವನು ಹಲ್ಲು ಕಚ್ಚಿದ್ದು ನನಗೆ ಕಾಣಿಸಿತು, ಆದರೆ ಕಮಕ್ ಕಿಮಕ್ ಅನ್ನಲಿಲ್ಲ. ನಾವು ತಳ್ಳಿದೆವು. ಗಾಡಿ ಸದ್ದಿಲ್ಲದೆ ರಸ್ತೆಗಿಳಿಯಿತು. ಎಷ್ಟು ನಿಧಾನ ಅಂದರೆ ಪಕ್ಕದ ಮನೆಯ ನಾಯಿ ನಮ್ಮನ್ನು ಹಿಂದೆ ಹಾಕಿ ಮುಂದೆ ಹೋಯಿತು. ಎಲೆ ಗುಡಿಸುತ್ತಿದ್ದ ಜನ ಕೈಯಲ್ಲಿದ್ದದ್ದನ್ನು ಬಿಟ್ಟು ನೋಡಿದರು. ಯಾರೂ ಏನೂ ಕೇಳಲಿಲ್ಲ, ನಮ್ಮವರು ಕೇಳುವುದಿಲ್ಲ, ಆಮೇಲೆ ವರ್ಷವಿಡೀ ಮಾತಾಡಿಕೊಳ್ಳುತ್ತಾರೆ. ಪಾಸ್ಟರ್ ಒಂದು ಕಡೆ, ನಾನು ಒಂದು ಕಡೆ, ನಡುವೆ ಅವರಿಬ್ಬರು. ನನಗೆ ಏದುಸಿರು. ಬೈಯಲು ಬೇಕಾದಷ್ಟಿತ್ತು, ಉಸಿರಿಗೆ ಬಿಡುವಿರಲಿಲ್ಲ. ಮಾರ್ಲಿಸ್ ಒಂದೇ ಒಂದು ಸಲ, ತಿರುವಿನ ಹತ್ತಿರ, "ಲೈಲ್" ಎಂದಳು. ಹಾರ್ಲನ್ ಒಂದು ಕೈ ಬಿಟ್ಟು ಅವಳ ಕೈಮೇಲಿಟ್ಟ.

ಪಾಸ್ಟರ್ ಮನೆಯ ಅಂಗಳದಲ್ಲಿ ಗಾಡಿ ನಿಂತಿತು. ಮಾರ್ಲಿಸ್ ಇಳಿದು, ಹೆಲ್ಮೆಟ್ ತೆಗೆದು, ಚಪ್ಪಟೆಯಾಗಿದ್ದ ಕೂದಲನ್ನು ಸರಿಮಾಡಿಕೊಂಡಳು. ಎಲ್ಲರೂ ಒಳಗೆ ಹೋಗಿ ಅಡಿಗೆಮನೆಯ ಮೇಜಿಗೆ ಕೂತೆವು. ನಾನು ಪತ್ರ ಬಿಚ್ಚಿ ಚೌಕ ತೋರಿಸಿದೆ. ಹಾರ್ಲನ್ ಪೆನ್ನು ಹಿಡಿದು ಹೆಂಡತಿಯ ಮುಖ ನೋಡಿದ.

"ಗುರುತು ಹಾಕು" ಎಂದಳು ಮಾರ್ಲಿಸ್. "ಮೀಟರ್ ಈಗ ಸುಳ್ಳೇ ಹೇಳ್ತಿದೆ. ಕಮ್ಮಿ ತೋರಿಸ್ತಿದೆ. ನಾವು ಇಬ್ಬರೂ ಬಂದಿದ್ದು ಅದರಲ್ಲಿಲ್ಲ."

ಜಾಸ್ತಿಯೋ ಕಮ್ಮಿಯೋ ಎಂದು ಆ ಚೌಕ ಯಾರನ್ನೂ ಕೇಳುವುದಿಲ್ಲ. ಅಷ್ಟು ವರ್ಷ ಆ ಕಿಟಕಿಯ ಹಿಂದೆ ಕೂತ ನನಗೇ ಇದು ಹೊಳೆದಿರಲಿಲ್ಲ. ಹಾರ್ಲನ್ ಯೋಚಿಸಿದ. ಅವನ ಪ್ರಾಮಾಣಿಕತೆ ಆ ಮಾತನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ್ದು ಮುಖದಲ್ಲೇ ಕಾಣುತ್ತಿತ್ತು. ತಪ್ಪು ಸಿಗಲಿಲ್ಲ. ಗುರುತು ಹಾಕಿ ಸಹಿ ಮಾಡಿದ. ಮೂಗು ಒರೆಸಿಕೊಂಡ.

ಪಾಸ್ಟರ್ ಕಾಫಿ ಸುರಿದರು. ಆಗಸ್ಟಿನಲ್ಲಿ ಗಾಡಿ ಚರ್ಚಿನ ಹಿತ್ತಲಿಗೆ ಬಂದೇ ಬರುತ್ತದೆ, ಸೀಟಿನ ಮೇಲೆ ಹಾರ್ಲನ್, ಮುಕ್ಕಾಲಿಯ ಮೇಲೆ ಮಾರ್ಲಿಸ್, ಅದರಲ್ಲಿ ಬದಲಾವಣೆ ಇಲ್ಲ ಎಂದು ಹೇಳಿದರು. ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯಲ್ಲಿ ಅವನು ಕೂರುವುದಕ್ಕೆ ಮಾರ್ಲಿಸ್‌ಳ ಅಡ್ಡಿ ಇರಲಿಲ್ಲ.

ಹಾರ್ಲನ್ ಕಾಫಿ ಬಟ್ಟಲು ಕೆಳಗಿಟ್ಟು ಹೆಂಡತಿಯ ಕಡೆ ತಿರುಗಿದ. "ದಾರೀಲಿ ಏನೇನು ಕಾಣಿಸ್ತು ಕಣೇ?" ಎಂದು ಕೇಳಿದ.

"ನನಗೇನು ಗೊತ್ತು? ಕಣ್ಣು ಮುಚ್ಕೊಂಡಿದ್ದೆ" ಎಂದಳು ಮಾರ್ಲಿಸ್. ಆಮೇಲೆ ಅವನ ಬಟ್ಟಲಿಗೆ ತಾನೇ ಸಕ್ಕರೆ ಹಾಕಿ ಕಲಕಿದಳು.